ಜೆನೆರಿಕ್ ಕ್ಲಾಸಿಗೆ ಡಿಫಾಲ್ಟ್ ಟೈಪ್ ಕೊಡಬಹುದಾ? ಬಳಸಿದವರು ಹೇಳಿ

ಪ್ರಶ್ನೆ: ನಮ್ಮ ಟೈಪ್‌ಸ್ಕ್ರಿಪ್ಟ್ ಕೋಡಿನಲ್ಲಿ ‘ರಿಸಲ್ಟ್’ ಅಂತ ಒಂದು ಜೆನೆರಿಕ್ ಕ್ಲಾಸ್ (ಒಳಗಿನ ಟೈಪ್ ಯಾವುದು ಅಂತ ಬಳಸುವಾಗ ಹೇಳುವ ಕ್ಲಾಸ್) ಇದೆ. ಸರ್ವರ್‌ನಿಂದ ಬರುವ ಡೇಟಾದ ಟೈಪ್ ಮಾತ್ರ ಅದಕ್ಕೆ ಕೊಡುತ್ತೇವೆ. ಎರರ್ ಯಾವಾಗಲೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಈಗ ಪೇಮೆಂಟ್ ಭಾಗಕ್ಕೆ ಬೇರೆ ಥರದ ಎರರ್ ಬೇಕಾಗಿದೆ, ಹಾಗಾಗಿ ಎರಡನೇ ಟೈಪ್ ಪ್ಯಾರಾಮೀಟರ್ (ಎರರ್‌ನ ಟೈಪ್ ಹೇಳುವ ಜಾಗ) ಸೇರಿಸಬೇಕು. ಕ್ಲಾಸ್ 40 ಫೈಲುಗಳಲ್ಲಿ ಬಳಕೆಯಲ್ಲಿದೆ. ಡಿಫಾಲ್ಟ್ (ಟೈಪ್ ಬರೆಯದಿದ್ದರೆ ತಾನಾಗೇ ಬರುವ ಟೈಪ್) ಕೊಟ್ಟರೆ ಅಷ್ಟನ್ನೂ ತಿದ್ದೋದು ತಪ್ಪುತ್ತಾ? ಮುಂದೆ ಏನಾದರೂ ತೊಂದರೆ ಬರುತ್ತಾ?

ಉತ್ತರ: ಧೈರ್ಯವಾಗಿ ಕೊಡಿ. ಡಿಫಾಲ್ಟ್ ಇರೋದೇ ಇಂಥ ಕೆಲಸಕ್ಕೆ. ಟೈಪ್‌ಸ್ಕ್ರಿಪ್ಟ್ 2.3ರಲ್ಲಿ, 2017ರಲ್ಲೇ ಬಂದಿದೆ. ಎರಡನೇ ಪ್ಯಾರಾಮೀಟರನ್ನು ‘ಇ = ಸ್ಟ್ರಿಂಗ್’ ಅಂತ ಬರೆಯಿರಿ. ಇಷ್ಟು ದಿನ ಎರರ್ ಸ್ಟ್ರಿಂಗೇ ಆಗಿತ್ತಲ್ವಾ, ಹಾಗಾಗಿ ಹಳೇ ಸಾಲುಗಳ ಅರ್ಥ ಬದಲಾಗುವುದಿಲ್ಲ. ಡಿಫಾಲ್ಟ್ ಇಲ್ಲದ ಪ್ಯಾರಾಮೀಟರ್ ಮೊದಲು, ಇರುವುದು ಆಮೇಲೆ. ಅದೊಂದು ನಿಯಮ.

ಆದರೆ ಡೇಟಾದ ಟೈಪಿಗೆ ಮಾತ್ರ ಡಿಫಾಲ್ಟ್ ಕೊಡಬೇಡಿ. ನಾನು ಹಿಂದೆ ಒಂದು ಪ್ರಾಜೆಕ್ಟಿನಲ್ಲಿ ಕೊಟ್ಟಿದ್ದೆ, ಅದೂ ‘ಎನಿ’, ಅಂದರೆ ಯಾವ ಟೈಪಾದರೂ ಸರಿ, ಚೆಕ್ ಮಾಡಬೇಡ ಅಂತ. ಬರೆಯೋಕೆ ಸುಲಭ ಆಗಲಿ ಅಂತ. ಟೀಮಿನಲ್ಲಿ ನಿಧಾನಕ್ಕೆ ಎಲ್ಲರೂ ಟೈಪ್ ಬರೆಯೋದನ್ನೇ ಬಿಟ್ಟರು. ಕಂಪೈಲರ್ ಯಾರನ್ನೂ ಏನೂ ಕೇಳಲಿಲ್ಲ. ಒಂದು ದಿನ ಸರ್ವರ್ ಕಡೆ ಒಂದು ಫೀಲ್ಡಿನ ಹೆಸರು ಬದಲಾಯಿತು. ನಾವು ಇಂಟರ್‌ಫೇಸಿನಲ್ಲೂ (ಡೇಟಾದಲ್ಲಿ ಯಾವ ಫೀಲ್ಡ್ ಇರುತ್ತೆ ಅಂತ ಬರೆದಿಡುವ ಕಡೆ) ಹೆಸರು ತಿದ್ದಿದೆವು, ಬಿಲ್ಡ್ ಸಲೀಸಾಗಿ ಪಾಸಾಯಿತು. ಬಿಲ್ ತೋರಿಸುವ ಕಡೆ ಮೊತ್ತದ ಜಾಗದಲ್ಲಿ ‘ಅನ್‌ಡಿಫೈನ್ಡ್’! ಹುಡುಕೋಕೆ ಎರಡು ದಿನ ಹಿಡಿಯಿತು. ಆ ಡಿಫಾಲ್ಟ್ ತೆಗೆದ ಕೂಡಲೇ ಟೈಪ್ ಬಿಟ್ಟಿದ್ದ ಕಡೆಯೆಲ್ಲ ಕೆಂಪು ಗೆರೆ ಬಂತು. ಒಂದು ಮಧ್ಯಾಹ್ನ ಕೂತು ಎಲ್ಲ ಸರಿಮಾಡಿದೆವು. ಯಾವುದು ಜಾಸ್ತಿ ಬಳಕೆಯ ಟೈಪ್ ಅಂತ ನಿಮಗೇ ಹೇಳೋಕೆ ಆಗದಿದ್ದರೆ, ಅಲ್ಲಿ ಡಿಫಾಲ್ಟ್ ಇಡಬೇಡಿ.

ಉತ್ತರ: ಮೇಲೆ ಹೇಳಿದ್ದು ಸರಿ. ನಾನು ಸಿಕ್ಕಿಬಿದ್ದ ಇನ್ನೊಂದು ಜಾಗ ಹೇಳುತ್ತೇನೆ. ನಮ್ಮಲ್ಲಿ ‘ಕ್ಯಾಶ್<ವಿ, ಕೆ = ಸ್ಟ್ರಿಂಗ್>’ ಅಂತ ಕ್ಲಾಸ್ ಇತ್ತು, ವಿ ಅಂದರೆ ಇಡುವ ಡೇಟಾದ ಟೈಪ್, ಕೆ ಅಂದರೆ ಅದನ್ನು ಹುಡುಕುವ ಕೀಯ ಟೈಪ್. ಕನ್‌ಸ್ಟ್ರಕ್ಟರಿಗೆ (‘ನ್ಯೂ’ ಅಂತ ಬರೆದಾಗ ಓಡುವ ಭಾಗ) ಐಡಿ ತೆಗೆದುಕೊಡುವ ಫಂಕ್ಷನ್ ಕೊಡಬೇಕು, ಆ ಐಡಿಯೇ ಕೀ. ಐಡಿ ನಂಬರ್ ಆಗಿದ್ದ ಕಡೆ ‘ನ್ಯೂ ಕ್ಯಾಶ್<ಯೂಸರ್>’ ಅಂತ ಬರೆದೆ. ಫಂಕ್ಷನ್ ನೋಡಿ ಕೀ ನಂಬರ್ ಅಂತ ತಾನೇ ತಿಳಿದುಕೊಳ್ಳುತ್ತೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಒಂದು ಟೈಪ್ ನೀವು ಕೈಯಾರೆ ಬರೆದರೆ, ಉಳಿದದ್ದನ್ನು ಅದು ಊಹಿಸುವುದಿಲ್ಲ, ಸೀದಾ ಡಿಫಾಲ್ಟ್ ಹಾಕಿಕೊಳ್ಳುತ್ತೆ. ಎರಡನ್ನೂ ಬರೆಯಿರಿ, ಇಲ್ಲಾ ಎರಡನ್ನೂ ಬಿಡಿ. ಬಿಡುವುದಾದರೆ ಫಂಕ್ಷನ್ನಿನ ಒಳಗಿನ ಪ್ಯಾರಾಮೀಟರಿಗೆ ಯೂಸರ್ ಅಂತ ಟೈಪ್ ಕೊಡಿ, ಸಾಕು.

ಉತ್ತರ: ಜಾವಾದಿಂದ ಬಂದವರಿಗೆ ಒಂದು ಮಾತು. ಅಲ್ಲಿ ಡಿಫಾಲ್ಟ್ ಟೈಪ್ ಇಲ್ಲ. ‘ಲಿಸ್ಟ್’ ಅಂತ ಸುಮ್ನೆ ಬರೆದರೆ ಅದು ರಾ ಟೈಪ್, ಒಳಗಿನ ಟೈಪ್ ಚೆಕ್ಕಿಂಗೇ ಹೋಗುತ್ತೆ. ಸಿ ಶಾರ್ಪ್‌ನಲ್ಲೂ ಇಲ್ಲ, ಅಲ್ಲಿ ನಾವು ಅದೇ ಹೆಸರಿನ ಜೆನೆರಿಕ್ ಅಲ್ಲದ ಸಬ್‌ಕ್ಲಾಸ್ ಮಾಡಿಕೊಳ್ಳುತ್ತೇವೆ. ಪೈಥಾನಿನಲ್ಲಿ 3.13ರಿಂದ ಬಂದಿದೆ.

ಪ್ರಶ್ನೆ ಕೇಳಿದವರು: ಮಾಡಿ ನೋಡಿದೆ. 40 ಫೈಲುಗಳಲ್ಲಿ ಒಂದನ್ನೂ ಮುಟ್ಟಬೇಕಾಗಲಿಲ್ಲ. ಪೇಮೆಂಟ್ ಕಡೆ ಮಾತ್ರ ಒಂದೇ ಟೈಪ್ ಬರೆದು ಎರರ್ ಬಂತು, ನೀವು ಹೇಳಿದ ಹಾಗೇ. ಎರಡೂ ಬರೆದೆ, ಹೋಯಿತು. ತುಂಬಾ ಥ್ಯಾಂಕ್ಸ್.