ಬಿಸು ಊಟಕ್ಕೆ ಗೇರುಬೀಜ ಆಗದ ನೆಂಟರು: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯಿಂದ)

ಈ ಸಲ ಬಿಸುವಿನ (ಸೌರ ಯುಗಾದಿಯ) ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಸುಮಾರು ಇಪ್ಪತ್ತೈದು ಎಲೆ ಹಾಕಬೇಕಾದೀತು. ನಾದಿನಿಯ ಒಂಬತ್ತು ವರ್ಷದ ಮಗನಿಗೆ ಗೇರುಬೀಜ ಮತ್ತು ಪಿಸ್ತಾ ಆಗುವುದಿಲ್ಲ, ಓರಗಿತ್ತಿಗೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ) ಕಾಯಿಲೆ ಇರುವುದರಿಂದ ಗೋಧಿಯ ಅಂಶ ಸ್ವಲ್ಪವೂ ತಗಲಬಾರದು. ಹಸಿ ಗೇರುಬೀಜದ ಪಲ್ಯವಿಲ್ಲದೆ ಬಿಸು ಏನು ಚೆಂದ ಎಂಬುದು ಮಾವನವರ ಮಾತು. ಇಡೀ ಅಡಿಗೆಯಿಂದ ಬೀಜವನ್ನು ಕೈಬಿಡಬೇಕೇ, ಅವರಿಬ್ಬರ ಎಲೆಗೆ ಮಾತ್ರ ಬೇರೆ ಮಾಡಿದರೆ ಸಾಕೇ? ಕಣಿಯಲ್ಲಿ (ಬಿಸುವಿನ ಬೆಳಗ್ಗೆ ಮೊದಲು ನೋಡಲೆಂದು ದೇವರ ಮುಂದೆ ಜೋಡಿಸುವ ಮಂಗಳವಸ್ತುಗಳಲ್ಲಿ) ಬೀಜ ಸಹಿತವಾದ ಗೇರುಹಣ್ಣು ಇಡುವುದರಿಂದ ಹುಡುಗನಿಗೆ ತೊಂದರೆಯಾದೀತೇ? ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸಿದ್ದೀರಿ ಎಂದು ತಿಳಿಸಿದರೆ ಉಪಕಾರವಾದೀತು.

ನೀರ್ಚಾಲಿನಿಂದ

ನಮ್ಮ ಮನೆಯೊಳಗೆ ಗೇರುಬೀಜ ಬರುವುದು ನಿಂತು ಬಹಳ ಕಾಲವಾಯಿತು, ಮತ್ತು ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ನನ್ನ ಮಗ ಚಿಕ್ಕವನಿದ್ದಾಗ ಹತ್ತಿರದ ಸಂಬಂಧಿಕರೊಬ್ಬರ ಮನೆಯ ಚೌತಿ ಊಟದಲ್ಲಿ ನಡೆದದ್ದನ್ನು ವಿವರವಾಗಿ ಬರೆಯಲೇಬೇಕು, ಏಕೆಂದರೆ 'ಬೀಜ ಹೆಕ್ಕಿ ತೆಗೆದು ಬಡಿಸಿದರಾಯಿತು' ಎನ್ನುವವರು ಇಂದಿಗೂ ಕಡಿಮೆಯಾಗಿಲ್ಲ. ಅವರು ನಿಜಕ್ಕೂ ಹೆಕ್ಕಿ ತೆಗೆದೇ ಪಾಯಸ ಬಡಿಸಿದ್ದರು, ಒಂದು ಚೂರೂ ಎಲೆಗೆ ಬಿದ್ದಿರಲಿಲ್ಲ. ಆದರೆ ಬೀಜ ಹುರಿದ ತುಪ್ಪವನ್ನು ಅದಕ್ಕೂ ಮೊದಲೇ ಪಾಯಸಕ್ಕೆ ಸುರಿದಾಗಿತ್ತು. ಮಗು ಎರಡು ಚಮಚ ತಿಂದಿತ್ತಷ್ಟೆ. ತುಟಿ ಊದಿತು, ಹೊಟ್ಟೆಯಲ್ಲಿದ್ದದ್ದೆಲ್ಲ ವಾಂತಿಯಾಯಿತು, ಬಳಿಕ ಒಂದೇ ಸಮನೆ ಕೆಮ್ಮು. ಮೊದಲು ಕರೆದೊಯ್ದ ಕಡೆ ತುರಿಕೆಯ ಔಷಧ ಕುಡಿಸಿ 'ಮನೆಗೆ ಹೋಗಿ' ಎಂದರು. ನಾವು ಹಾಗೆ ಮಾಡದೆ ನೇರವಾಗಿ ಮಂಗಳೂರಿನ ರಸ್ತೆ ಹಿಡಿದೆವು, ಅಲ್ಲಿ ಅಡ್ರಿನಾಲಿನ್ ಚುಚ್ಚುಮದ್ದು ಕೊಟ್ಟ ಮೇಲೆಯೇ ಉಸಿರಾಟ ಸರಿಹೋದದ್ದು.

ಖರ್ಚನ್ನೂ ಬರೆಯುತ್ತೇನೆ, ಯಾರಿಗಾದರೂ ಲೆಕ್ಕಕ್ಕೆ ಸಿಗಲಿ. ಬಾಡಿಗೆ ಕಾರು 2,200 ರೂಪಾಯಿ. ಒಂದು ರಾತ್ರಿ ನಿಗಾದಲ್ಲಿ ಇರಿಸಿದ್ದಕ್ಕೆ ಕೊಠಡಿ, ಆಮ್ಲಜನಕ, ಔಷಧ ಎಲ್ಲ ಸೇರಿ 18,640. ಇಪ್ಪತ್ನಾಲ್ಕು ಗಂಟೆ ತುಂಬುವ ಮೊದಲೇ ಬಿಡುಗಡೆಯಾಯಿತು ಎಂಬ ಕಾರಣ ನೀಡಿ ವಿಮೆಯವರು ಒಂದು ಬಿಡಿಗಾಸೂ ಕೊಡಲಿಲ್ಲ. ಮಧ್ಯಾಹ್ನದವರೆಗೆ ಅಲ್ಲೇ ಮಲಗಿಸಿದ್ದರೆ ಕೊಡುತ್ತಿದ್ದರಂತೆ. ಆಮೇಲೆ ಯಾವುದು ಆಗದು ಎಂದು ತಿಳಿಯಲು ರಕ್ತದ ಐಜಿಇ (ಅಲರ್ಜಿ) ಪರೀಕ್ಷೆ, ಒಂದೊಂದು ವಸ್ತುವಿಗೆ 1,200ರಂತೆ ಐದು ವಸ್ತುಗಳಿಗೆ. ಗೇರುಬೀಜದ ಜತೆ ಪಿಸ್ತಾವೂ ಬಂತು. ಅವೆರಡೂ ಒಂದೇ ಸಸ್ಯ ಕುಟುಂಬದ ಗಿಡಗಳು, ಒಂದು ಆಗದವರಿಗೆ ಹೆಚ್ಚಾಗಿ ಮತ್ತೊಂದೂ ಆಗುವುದಿಲ್ಲ ಎಂದು ವೈದ್ಯರು ಹೇಳಿದರು. ತೆಂಗಿನಕಾಯಿ ಅವನಿಗೆ ಏನೂ ಮಾಡದಿರುವುದು ನಮ್ಮ ಪುಣ್ಯ. ಇಲ್ಲವಾದರೆ ಈ ಊರಿನಲ್ಲಿ ಬದುಕುವುದು ಹೇಗಿತ್ತು!

ಆದ್ದರಿಂದ ಅಕ್ಕಾ, ಬೇರೆ ಎಲೆ ಎಂಬ ಮಾತೇ ಬೇಡ. ಬೀಜ ಮನೆಯೊಳಗೆ ಬರಬಾರದು.

ಮುಳ್ಳೇರಿಯದಿಂದ

ನೀರ್ಚಾಲಿನ ಅಕ್ಕನವರ ಸಂಕಟ ಅರ್ಥವಾಗುತ್ತದೆ. ಆದರೂ ಒಬ್ಬರಿಗೆ ಆಗದು ಎಂದ ಮಾತ್ರಕ್ಕೆ ಇಪ್ಪತ್ನಾಲ್ಕು ಮಂದಿ ಬಿಸುವಿನ ದಿನ ಬೀಜ ತಿನ್ನದೆ ಏಳಬೇಕೆಂಬುದು ಯಾವ ನ್ಯಾಯ? ನಮ್ಮದು ಗೇರುಗುಡ್ಡೆಯ ಮನೆ. ಹಸಿಬೀಜ ಸಿಗುವುದೇ ಈ ಕೆಲವು ವಾರಗಳಲ್ಲಿ. ತೊಂಡೆಕಾಯಿಯ ಜತೆ ಹಸಿಬೀಜ ಹಾಕಿದ ಪಲ್ಯಕ್ಕಾಗಿಯೇ ಬೆಂಗಳೂರಿನಿಂದ ಬರುವ ತಮ್ಮಂದಿರಿದ್ದಾರೆ. ಅಳಿಯನಿಗೆ ಬೀಜ ಆಗದೆಂದು ತಿಳಿದ ವರ್ಷ ನಾನು ಹಿತ್ತಿಲ ಚಾವಡಿಯಲ್ಲಿ ಬೇರೆಯೇ ಒಲೆ ಹೂಡಿಸಿದೆ. ಹೊಸ ಬಾಣಲೆ 1,450, ಎರಡು ಸ್ಟೀಲಿನ ಪಾತ್ರೆ 1,180, ಸೌಟು ಮತ್ತು ಸಟ್ಟುಗ 390, ಗ್ಯಾಸಿನ ಸಣ್ಣ ಒಲೆ 1,900, ಅದರ ನಳಿಗೆ ಸೋರುತ್ತಿತ್ತೆಂದು ಬದಲಿಸಿದ್ದಕ್ಕೆ ಮತ್ತೆ 220. ಒಗ್ಗರಣೆಗೆ ಬೇರೆಯೇ ತೆಂಗಿನೆಣ್ಣೆ ತೆಗೆದಿರಿಸಿದೆ. ಲೀಟರಿಗೆ 450 ರೂಪಾಯಿ ದಾಟಿದ್ದ ಕಾಲ ಅದು. ಅಳಿಯ ಹೊಟ್ಟೆ ತುಂಬ ಉಂಡ, ಉಳಿದವರೂ ಬೀಜ ತಿಂದರು, ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ಮಾತು. ಈ ಅಲರ್ಜಿ ನಮಗೆ ಹೊಸತೇನಲ್ಲ. ಬೀಜ ಸುಲಿಯುವ ಕಾಲದಲ್ಲಿ ಸೊನೆ ತಾಗಿ ಕೈಯೆಲ್ಲ ಸುಟ್ಟು ಚರ್ಮ ಏಳುವುದನ್ನು ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ಎಣ್ಣೆ ಹಚ್ಚಿಕೊಂಡು ಸುಲಿಯುತ್ತಿದ್ದೆವು, ಅಷ್ಟೆ. ಸಸ್ಯಾಹಾರದ ಊಟದಲ್ಲಿ ಇಷ್ಟೊಂದು ಹೆದರುವ ಕಾರಣವಿಲ್ಲ.

ನೀರ್ಚಾಲಿನಿಂದ

ಸೊನೆ ತಾಗಿ ಕೈ ಸುಡುವುದಕ್ಕೂ ಬೀಜ ತಿಂದು ಗಂಟಲು ಕಟ್ಟುವುದಕ್ಕೂ ಸಂಬಂಧವೇ ಇಲ್ಲ ಅಣ್ಣಾ. ಸುಡುವುದು ಸಿಪ್ಪೆಯೊಳಗಿನ ಎಣ್ಣೆ, ಅದು ಯಾರ ಚರ್ಮವನ್ನಾದರೂ ಸುಟ್ಟೀತು. ನನ್ನ ಮಗನ ಮೈ ವಿರೋಧಿಸುವುದು ತಿರುಳಿನ ಪ್ರೋಟೀನನ್ನು. ಎಣ್ಣೆ ಹಚ್ಚಿಕೊಂಡು ಅದನ್ನು ತಡೆಯಲಾಗುವುದಿಲ್ಲ. ನಿಮ್ಮ ಅಳಿಯನಿಗೆ ಏನೂ ಆಗದ್ದು ನಿಮ್ಮ 1,900 ರೂಪಾಯಿಯ ಒಲೆಯಿಂದಲೋ ಅದೃಷ್ಟದಿಂದಲೋ ಎಂಬುದನ್ನು ಬಲ್ಲವರು ಯಾರು?

ಬೇಳದಿಂದ

ಸಸ್ಯಾಹಾರದಲ್ಲಿ ಹೆದರಬೇಕಾಗಿಲ್ಲ ಎಂದವರಿಗೆ ನಾನೊಂದು ಕೇಳುತ್ತೇನೆ: ಎಳ್ಳು ಮಾಂಸವೇ? ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡುವಾಗ ನೆವ್ರಿಯ (ಕರಿದ ಸಿಹಿ ಕಡುಬಿನ) ಹೂರಣಕ್ಕೆ ಎಳ್ಳು ಬೀಳಲೇಬೇಕು ಎಂದು ಅಮ್ಮ, ಬೀಳಬಾರದು ಎಂದು ನಾನು. ನನ್ನ ಹಿರಿಯ ಮಗಳಿಗೆ ಎಳ್ಳು ಆಗುವುದಿಲ್ಲ. ಕೊನೆಗೆ ಕೊಬ್ಬರಿ, ರವೆ, ಸಕ್ಕರೆ, ಏಲಕ್ಕಿಯಲ್ಲಿ ಹೂರಣ ಮುಗಿಸಿದೆವು. ರುಚಿ ಇಳಿಯಿತು ಎಂದು ಅಮ್ಮ ಈಸ್ಟರ್‌ವರೆಗೂ ಹೇಳಿದರು.

ಪೊಟ್ಟಣದ ತಿಂಡಿಯ ಚೀಟಿ ಓದಿದರೆ ಸಾಕು ಎಂದು ನಂಬಬೇಡಿ. ನಮ್ಮ ದೇಶದ 2020ರ ಆಹಾರ ಲೇಬಲ್ ನಿಯಮಾವಳಿಯಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ ವಸ್ತುಗಳೆಂದರೆ ಗ್ಲುಟನ್ ಇರುವ ಧಾನ್ಯ, ಸಿಗಡಿ-ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ನೆಲಗಡಲೆ ಮತ್ತು ಮರದ ಬೀಜಗಳು, ಸೋಯಾ, ಮತ್ತು ಒಂದು ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವ ಸಲ್ಫೈಟು. ಎಳ್ಳು ಅದರಲ್ಲಿಲ್ಲ, ಸಾಸಿವೆಯೂ ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನು ಅಂಥ ಪಟ್ಟಿಗೆ ಸೇರಿಸಿದ್ದಾರೆ. ಮನೆಮನೆಯಲ್ಲಿ ಮಾಡಿ ಮಾರುವ ಹಲಸಿನ ಹಪ್ಪಳಕ್ಕೆ ಎಳ್ಳು ಕಲಸುವವರಿದ್ದಾರೆ. ಅದರ ಮೇಲಿನ ಮಲಯಾಳದ ಚೀಟಿಯನ್ನು ನನ್ನ ಅತ್ತೆಯಂಥವರು ಓದುವುದಾದರೂ ಹೇಗೆ?

ಪೆರ್ಲದಿಂದ

ಎಲ್ಲರೂ ಬೀಜದ ಬೆನ್ನು ಹತ್ತಿದ್ದೀರಿ, ಸೀಲಿಯಾಕಿನ ಬಗ್ಗೆ ಒಬ್ಬರೂ ಬರೆದಿಲ್ಲ. ಅದು ನನ್ನ ಕಾಯಿಲೆ, ಆದುದರಿಂದ ಬರೆಯುತ್ತೇನೆ. ನಮ್ಮ ಕಡೆಯ ಊಟ ಅಕ್ಕಿ-ತೆಂಗಿನದು. ಕೊಟ್ಟಿಗೆ, ಪತ್ರೊಡೆ, ಸೇಮಗೆ, ಮೇಲಾರ, ಸೌತೆಕಾಯಿ ಕೊದಿಲು, ಇವುಗಳಲ್ಲಿ ಗೋಧಿ ಎಲ್ಲಿಂದ ಬರಬೇಕು ಎಂದು ಎಲ್ಲರೂ ಕೇಳುತ್ತಾರೆ. ಇಂಗಿನಿಂದ ಬರುತ್ತದೆ. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ, ಹೆಚ್ಚಿನ ಡಬ್ಬಿಗಳಲ್ಲಿ ಅರಬಿ ಗೋಂದು ಮತ್ತು ಗೋಧಿಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಸಾರಿಗೊಂದು ಚಿಟಿಕೆ, ಕೊದಿಲಿಗೊಂದು ಚಿಟಿಕೆ, ಉಪ್ಪಿನಕಾಯಿಗೆ ಒಂದಿಷ್ಟು. ಅಕ್ಕಿಹಿಟ್ಟು ಬೆರೆಸಿದ ಇಂಗು ಹುಡುಕಿದರೆ ಸಿಗುತ್ತದೆ, ನಾನು ದುಪ್ಪಟ್ಟು ಬೆಲೆ ತೆತ್ತು ಅದನ್ನೇ ತರಿಸುತ್ತೇನೆ.

ಎರಡನೆಯದು ಎಣ್ಣೆ. ಹೋಳಿಗೆ ಬೇಯಿಸಿದ ಕಾವಲಿಯಲ್ಲಿ ನನಗಾಗಿ 'ವಿಶೇಷವಾಗಿ' ನೀರುದೋಸೆ ಹೊಯ್ದುಕೊಟ್ಟ ಮನೆಗಳಿವೆ. ಗೋಧಿಯ ಪೂರಿ ಕರಿದ ಎಣ್ಣೆಯಲ್ಲಿಯೇ ಹಪ್ಪಳ ಕಾಯಿಸಿ ತಂದು, 'ಇದು ಉದ್ದಿನದು, ತಿನ್ನಿ' ಎಂದವರಿದ್ದಾರೆ. ತಿಂದ ಕೂಡಲೇ ನಾನು ಬೀಳುವುದಿಲ್ಲ, ತುಟಿ ಊದುವುದಿಲ್ಲ, ಆದ್ದರಿಂದ 'ಏನೂ ಆಗಲಿಲ್ಲವಲ್ಲ' ಎಂದು ಅವರಿಗೆ ಸಮಾಧಾನ. ಒಳಗೆ ಕರುಳಿನ ಗೋಡೆ ಹಾಳಾಗುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ 'ಗ್ಲುಟನ್ ಇಲ್ಲ' ಎಂದು ಬರೆಯಲು ಅವಕಾಶ. ಇದು ಎಷ್ಟು ಕಡಿಮೆ ಎಂದು ಯೋಚಿಸಿ, ಆಮೇಲೆ ಚಿಟಿಕೆಯ ಮಾತಾಡಿ. ಕಬ್ಬಿಣಾಂಶದ ಕೊರತೆಗೆಂದು ವರ್ಷಗಟ್ಟಲೆ ಮಾತ್ರೆ ನುಂಗಿದ ಮೇಲೆಯೇ ನನ್ನ ಕಾಯಿಲೆ ಪತ್ತೆಯಾದದ್ದು. ಬಿಸುವಿನ ದಿನ ನಾನು ನನ್ನ ಊಟವನ್ನು ಡಬ್ಬಿಯಲ್ಲಿ ಒಯ್ಯುತ್ತೇನೆ. ಕೆಲವರು ಅದನ್ನು ಅವಮಾನವೆಂದು ತಿಳಿಯುತ್ತಾರೆ, ತಿಳಿದುಕೊಳ್ಳಲಿ.

ಮುಳ್ಳೇರಿಯದಿಂದ

ಹಬ್ಬದ ದಿನ ಎಲೆಯ ಮುಂದೆ ಕುಳಿತು ಡಬ್ಬಿ ಬಿಚ್ಚುವುದು ಮನೆಯ ಯಜಮಾನಿತಿಗೆ ಹೇಗನ್ನಿಸೀತು ಎಂದು ಯೋಚಿಸಿದ್ದೀರಾ? ಮೊದಲೇ ಒಂದು ಮಾತು ತಿಳಿಸಿದ್ದರೆ ಮಾಡುತ್ತಿದ್ದರು.

ಪೆರ್ಲದಿಂದ

ತಿಳಿಸಿದ್ದೇನೆ. ಪ್ರತಿ ಮನೆಗೂ ತಿಳಿಸಿದ್ದೇನೆ. ಹೋಳಿಗೆಯ ಕಾವಲಿಯ ಕತೆ ತಿಳಿಸಿದ ಮೇಲಿನದು.

ಉಪ್ಪಳದಿಂದ

ಪೆರ್ನಾಳಿನ (ಈದ್ ಹಬ್ಬದ) ಊಟಕ್ಕೆ ಬರುವ ನನ್ನ ತಂಗಿಯ ಗಂಡನಿಗೆ ಸಿಗಡಿ ಆಗದು, ಬೇಯುವ ಆವಿ ಮೂಗಿಗೆ ಬಡಿದರೂ ಸಾಕು, ಉಬ್ಬಸ ಶುರುವಾಗುತ್ತದೆ. ಎಷ್ಟು ಬೇಯಿಸಿದರೂ ಸಿಗಡಿಯ ಆ ಪ್ರೋಟೀನು ಕೆಡುವುದಿಲ್ಲವಂತೆ. ಹಾಗಾಗಿ ನಮ್ಮಲ್ಲಿ ಅವರು ಬರುವ ದಿನ ಒಣ ಸಿಗಡಿಯ ಚಟ್ನಿಯೂ ಇಲ್ಲ. ಬರೀ ಕೋಳಿ, ಬರೀ ಪತ್ತಿರಿ (ಅಕ್ಕಿರೊಟ್ಟಿ). ನಮ್ಮ ಮನೆಯವರು ಯಾರೂ ಈ ಬಗ್ಗೆ ಗೊಣಗಿದ್ದಿಲ್ಲ ಎಂಬುದನ್ನು ಮುಳ್ಳೇರಿಯದವರು ಗಮನಿಸಬೇಕು.

ನೀರ್ಚಾಲಿನ ಅಕ್ಕನವರಿಗೆ ಒಂದು ಮಾತು. ಕೆಮ್ಮುತ್ತಿರುವ ಮಗುವನ್ನು ಎತ್ತಿಕೊಂಡು ಹತ್ತಿರದ ತುರ್ತು ವಿಭಾಗಗಳನ್ನೆಲ್ಲ ದಾಟಿ ಮಂಗಳೂರಿಗೆ ಓಡುವ ನಮ್ಮ ಈ ಅಭ್ಯಾಸ ಒಳ್ಳೆಯದಲ್ಲ. 2020ರ ಮಾರ್ಚ್ ಕೊನೆಗೆ ಕೋವಿಡ್ ಕಾರಣ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಗಡಿಯ ಈಚೆಗೆ ನಮ್ಮ ಪಾಡು ಏನಾಗಿತ್ತು ಎಂಬುದನ್ನು ಮರೆತಿರಾ? ಅಡ್ರಿನಾಲಿನ್ ಇಲ್ಲೂ ಸಿಗುತ್ತದೆ.

ನೀರ್ಚಾಲಿನಿಂದ

ಇಲ್ಲಿ ಸಿಗುವುದು ನನಗೂ ಗೊತ್ತು. ಇಲ್ಲಿ ಕೇಳಿದೆ, ಕೊಡಲಿಲ್ಲ. ಮೊದಲ ಬರಹವನ್ನು ಓದಿ ಮಾತಾಡಿ.

ಕಾಸರಗೋಡಿನಿಂದ (ತುರ್ತು ವಿಭಾಗದಲ್ಲಿ ದಾದಿಯಾಗಿ ದುಡಿದವಳು)

ಯಾವ ಊರಿನ ಆಸ್ಪತ್ರೆ ಎಂಬ ಜಗಳ ಬಿಡಿ. ಊಟದ ಬಳಿಕ ಮೈಮೇಲೆ ದದ್ದು ಎದ್ದು, ಅದರ ಜತೆ ಕೆಮ್ಮು, ಉಬ್ಬಸ, ಪದೇಪದೇ ವಾಂತಿ ಅಥವಾ ತಲೆಸುತ್ತು ಬಂದರೆ ಬೇಕಾದುದು ಅಡ್ರಿನಾಲಿನ್. ತುರಿಕೆಯ ಮಾತ್ರೆ ಅದರ ಬದಲಿಯಲ್ಲ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಚುಚ್ಚಬೇಕು. ಮಕ್ಕಳಿಗೆ ತೂಕದ ಲೆಕ್ಕದಲ್ಲಿ, ಕಿಲೋಗೆ 0.01 ಮಿಲಿಗ್ರಾಂ, ಹುಡುಗನ ಪ್ರಮಾಣವನ್ನು ಅವನ ವೈದ್ಯರು ಬರೆದುಕೊಟ್ಟಿರಬೇಕು, ಆ ಚೀಟಿಯನ್ನು ನಾದಿನಿಯವರಿಂದ ಮೊದಲೇ ಪಡೆದುಕೊಳ್ಳಿ. ಪೆನ್ನಿನಂಥ ಸಿದ್ಧ ಚುಚ್ಚುಮದ್ದು ನಮ್ಮಲ್ಲಿ ಸುಲಭವಾಗಿ ಸಿಗದ ಕಾರಣ ಅನೇಕರು ಆಂಪೂಲ್ (ಔಷಧದ ಸಣ್ಣ ಗಾಜಿನ ಕುಪ್ಪಿ) ಮತ್ತು ಸಿರಿಂಜ್ ತರುತ್ತಾರೆ. ಅದನ್ನು ಬಿಸುವಿನ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು ಬರಬಾರದು. ಕೊಟ್ಟ ಕೂಡಲೇ 108ಕ್ಕೆ ಕರೆ ಮಾಡಿ, ಮಲಗಿಸಿ ಕಾಲು ಎತ್ತರಿಸಿ, ಉಸಿರಿಗೆ ಕಷ್ಟವಾದರೆ ಕುಳ್ಳಿರಿಸಿ, ಆದರೆ ಎದ್ದು ನಡೆಯಲು ಬಿಡಬೇಡಿ. ಸರಿಹೋದಂತೆ ಕಂಡರೂ ಕೆಲವು ಗಂಟೆಗಳ ಬಳಿಕ ಮರುಕಳಿಸುವುದುಂಟು, ಆದ್ದರಿಂದ ಆಸ್ಪತ್ರೆಯ ನಿಗಾ ತಪ್ಪಿಸಬಾರದು.

ಬಡಿಸುವವರು ಸಾಬೂನು ಹಾಕಿ ಕೈ ತೊಳೆಯಲಿ. ಸ್ಯಾನಿಟೈಸರ್ ಕ್ರಿಮಿಯನ್ನು ಕೊಂದೀತು, ಕೈಗೆ ಅಂಟಿದ ಬೀಜದ ಪುಡಿಯನ್ನು ತೆಗೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಣಿಯ ಗೇರುಹಣ್ಣಿನ ವಿಚಾರ ಮಾತ್ರ ಹಾಗೆಯೇ ಉಳಿಯಿತು.

ಮುಳ್ಳೇರಿಯದಿಂದ

ಹಣ್ಣಿನಿಂದ ಬೀಜವನ್ನು ತಿರುಚಿ ತೆಗೆದು ಬರೀ ಹಣ್ಣನ್ನು ಇಡಿ. ದೇವರು ಲೆಕ್ಕ ಕೇಳುವುದಿಲ್ಲ. ಹುಡುಗ ಹಣ್ಣು ತಿನ್ನುವುದಂತೂ ಬೇಡ. ನಾನು ಬೀಜ ಬಿಡಬಾರದೆಂದು ವಾದಿಸಿದವನೇ ಹೊರತು, ಮಕ್ಕಳ ಜೀವದ ಜತೆ ಆಟವಾಡಿದವನಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಬದಿಯಡ್ಕದಿಂದ (ಅಡಿಗೆ ವೃತ್ತಿಯವ)

ಇಷ್ಟು ಹೊತ್ತು ಓದಿದೆ. ಒಬ್ಬರೂ ಅಡಿಗೆಯವನನ್ನು ಕೇಳಲಿಲ್ಲ. ನಮಗೆ ವಿಷಯ ತಿಳಿಯುವುದು ಯಾವಾಗ ಗೊತ್ತೇ? ಒಗ್ಗರಣೆ ಸಿಡಿದ ಮೇಲೆ. ಯಜಮಾನರು ಬಂದು, 'ಭಟ್ರೇ, ಒಬ್ಬ ಹುಡುಗನಿಗೆ ಬೀಜ ಆಗದಂತೆ, ಸ್ವಲ್ಪ ನೋಡಿಕೊಳ್ಳಿ' ಎನ್ನುತ್ತಾರೆ. ಹುರಿದ ತುಪ್ಪವನ್ನು ಪಾಯಸದಿಂದ ಮರಳಿ ತೆಗೆಯುವ ವಿದ್ಯೆ ನನಗೆ ಬರುವುದಿಲ್ಲ. ಆಮೇಲೆ ಹೆಚ್ಚುಕಡಿಮೆಯಾದರೆ ಹೆಸರು ಕೆಡುವುದು ಅಡಿಗೆಯವನದು.

ನಾನು ಈಗ ಮುಂಗಡ ಪಡೆಯುವಾಗಲೇ ಬರೆಸಿಕೊಳ್ಳುತ್ತೇನೆ. ಆಗದವರ ಅಡಿಗೆ ಬೆಳಗ್ಗೆ ಮೊದಲು, ಒಲೆಯೂ ಕೈಯೂ ಶುದ್ಧವಿರುವಾಗ ಆಗಬೇಕು. ಅದನ್ನು ಬಾಳೆಎಲೆ ಮುಚ್ಚಿ ಒಳಗಿನ ಕೋಣೆಯಲ್ಲಿ ಇರಿಸಬೇಕು, ಬೀಜದ ಪೊಟ್ಟಣ ಬಿಚ್ಚುವುದು ಆ ಮೇಲೆ. ಪಾಯಸವನ್ನು ತೆಂಗಿನ ಹಾಲಿನಲ್ಲಿ ಮಾಡಿ, ಬೀಜವನ್ನು ಬೇರೆ ಹುರಿದು ತಟ್ಟೆಯಲ್ಲಿ ಇಟ್ಟರೆ ಬೇಕಾದವರು ಕೊನೆಗೆ ಹಾಕಿಕೊಳ್ಳುತ್ತಾರೆ, ಹಬ್ಬವೂ ಕೆಡುವುದಿಲ್ಲ. ಆದರೆ ಅಡಿಗೆಮನೆಯಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಹಂತಿಯಲ್ಲಿ (ಊಟದ ಪಂಕ್ತಿಯಲ್ಲಿ) ಕೆಡುತ್ತದೆ. ಬಡಿಸುವ ಹುಡುಗರು ಪಲ್ಯದ ಸೌಟನ್ನು ಮೇಲಾರದ ಬಕೆಟಿಗೆ ಅದ್ದುತ್ತಾರೆ, ಮೇಲಾರದ್ದನ್ನು ಪಾಯಸಕ್ಕೆ. ಆದ್ದರಿಂದ ಆ ಇಬ್ಬರನ್ನು ಹಂತಿಯ ಮೊದಲಿಗೆ ಕುಳ್ಳಿರಿಸಿ, ಮನೆಯವರೇ ಒಬ್ಬರು ಒಳಗಿನ ಪಾತ್ರೆಯಿಂದ ಬಡಿಸಿ ಮುಗಿಸಿದ ಮೇಲೆ ಬಕೆಟುಗಳು ಹೊರಗೆ ಬರಲಿ. ಇದಕ್ಕೆ ನಾನು ಹೆಚ್ಚುವರಿ 1,500 ರೂಪಾಯಿ ಪಡೆಯುತ್ತೇನೆ, ಒಬ್ಬ ಸಹಾಯಕನ ಅರ್ಧ ದಿನದ ಕೂಲಿ ಮತ್ತು ಬೇರೆ ಎಣ್ಣೆಯ ಬಾಬ್ತು.

ಮುಳ್ಳೇರಿಯದಿಂದ

ಎರಡು ಎಲೆಗೆ 1,500 ಅತಿಯಾಯಿತು ಭಟ್ರೇ.

ಬದಿಯಡ್ಕದಿಂದ

ನಿಮ್ಮ ಬಾಣಲೆ, ಪಾತ್ರೆ, ಸೌಟು, ಒಲೆ, ನಳಿಗೆ ಎಲ್ಲ ಸೇರಿ 5,140 ಆಗಿದೆ, ಎಣ್ಣೆ ಬೇರೆ. ಕೂಡಿಸಿ ನೋಡಿ.