ಬಾಲ್ಕನಿಯಲ್ಲಿ ಮೀನು, ಮೇಲೆ ಬಸಳೆ: ಆರರಲ್ಲಿ ನಾಲ್ಕು ಮೀನು ಸತ್ತವು, ಎಲ್ಲಿ ತಪ್ಪಿದೆ?

ಪ್ರಶ್ನೆ: ಡೊಂಬಿವಲಿ ಪೂರ್ವದಿಂದ

ಎಲ್ಲರಿಗೂ ನಮಸ್ಕಾರ. ಊರು ಕಾಪು, ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಮೂರನೇ ಮಹಡಿಯಲ್ಲಿ ಮನೆ, ಪೂರ್ವ ದಿಕ್ಕಿನ ಬಾಲ್ಕನಿ, ಹತ್ತಡಿ ಉದ್ದ ನಾಲ್ಕಡಿ ಅಗಲ. ಮಾಟುಂಗಾಕ್ಕೆ ಹೋದರೆ ಬಸಳೆ ಸಿಗುತ್ತದೆ. ಆದರೆ ಮಧ್ಯಾಹ್ನದ ಸಾರಿಗೆ ಬೆಳಿಗ್ಗೆ ಕೊಯ್ದ ಬಸಳೆಯೇ ಬೇಕು ಎಂಬ ಆಸೆ ನನಗೆ ಇವತ್ತಿಗೂ ಹೋಗಿಲ್ಲ.

ಮೀನಿನ ನೀರನ್ನೇ ಹರಿಸಿ ಮಣ್ಣಿಲ್ಲದೆ ಗಿಡ ಬೆಳೆಸುವ ಅಕ್ವಾಪೋನಿಕ್ಸ್ ವಿಡಿಯೋ ನೋಡಿ 100 ಲೀಟರಿನ ಟಬ್ಬು, ಮೇಲೆ ಎರಡಡಿ ಉದ್ದ ಒಂದೂವರೆ ಅಡಿ ಅಗಲದ ಟ್ರೇಯಲ್ಲಿ ಜಲ್ಲಿ, ಒಂದು ಸಣ್ಣ ಪಂಪು, ಇಷ್ಟು ಜೋಡಿಸಿದೆ. ಬೆಳಿಗ್ಗೆ ನಲ್ಲಿ ನೀರು ತುಂಬಿಸಿ ಸಂಜೆ ಆರು ಗೋಲ್ಡ್‌ಫಿಶ್ ಬಿಟ್ಟೆವು. ದಿನಕ್ಕೆ ಮೂರು ಸಲ ಆಹಾರ ಹಾಕುತ್ತಿದ್ದೆ. ಮೂರನೇ ದಿನ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಆರನೇ ದಿನದೊಳಗೆ ನಾಲ್ಕು ಸತ್ತವು. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು, ಅದೇ ನನಗೆ ಅರ್ಥವಾಗುತ್ತಿಲ್ಲ. ಮಗಳು ಎರಡು ದಿನ ಬಾಲ್ಕನಿಯ ಬಾಗಿಲು ತೆರೆಯಲಿಲ್ಲ.

ಟಬ್ಬು ಚಿಕ್ಕದಾದದ್ದಕ್ಕೆ ಹೀಗಾಯಿತು ಎಂದು ನಮ್ಮವರು ಹೇಳುತ್ತಾರೆ. ಭಾವನ ಹೋಟೆಲಿನಲ್ಲಿ 500 ಲೀಟರಿನ ಟ್ಯಾಂಕ್ ಖಾಲಿ ಬಿದ್ದಿದೆ, ಅದನ್ನು ತರೋಣ ಎನ್ನುತ್ತಿದ್ದಾರೆ. ತರಲೇ? ಉಳಿದ ಎರಡು ಮೀನು ಬದುಕುತ್ತವೆಯೇ? ಮುಂದೆ ತಿನ್ನುವ ಮೀನು ಸಾಕಬಹುದೇ?

ಉತ್ತರ: ಪುಣೆ, ಹಡಪ್ಸರ್‌ನಿಂದ

ಮೊದಲು ಆ ಎರಡು ಮೀನು. ಇವತ್ತೇ ಟಬ್ಬಿನ ಮೂರನೇ ಒಂದು ಭಾಗ ನೀರು ಬದಲಾಯಿಸಿ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ನಾಲ್ಕು ಹನಿಯೋ ಐದು ಹನಿಯೋ, ಬಾಟಲಿಯ ಮೇಲೆ ಬರೆದಷ್ಟು ಹಾಕಿ, ಆಮೇಲೆ ಸುರಿಯಿರಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ನಾಳೆಯಿಂದ ಒಂದು ದಿನ ಮುಂಚೆಯೇ ಬಕೆಟ್‌ನಲ್ಲಿ ನೀರು ಹಿಡಿದಿಡಿ. ಆಹಾರ ದಿನ ಬಿಟ್ಟು ದಿನ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ.

ಈಗ ತಿಳಿ ನೀರಿನ ವಿಷಯ. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ನಿಮ್ಮ ಟಬ್ಬಿನಲ್ಲಿ ಇರುವಷ್ಟು ಪ್ರಮಾಣಕ್ಕೆ ವಾಸನೆಯೂ ಬರುವುದಿಲ್ಲ. ಹಳೆಯ ಕೊಳದಲ್ಲಿ ನೈಟ್ರೊಸೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಸ್ಪೈರಾದಂಥವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಗಿಡಕ್ಕೆ ಬೇಕಾದದ್ದು ಈ ಕೊನೆಯದು. ಮೀನಿಗೆ ಮೊದಲ ಎರಡೂ ವಿಷ. ನಿಮ್ಮ ಹೊಸ ಜಲ್ಲಿಯಲ್ಲಿ ಈ ಜೀವಿಗಳು ಇನ್ನೂ ಮನೆ ಮಾಡಿಲ್ಲ. ಹಾಲು ಹುಳಿಯಾಗಿಸುವ ಬ್ಯಾಕ್ಟೀರಿಯಾ ಗಂಟೆಯೊಳಗೆ ದುಪ್ಪಟ್ಟಾಗುತ್ತವೆ, ಇವುಗಳಿಗೆ ಹೆಚ್ಚುಕಡಿಮೆ ಒಂದು ದಿನ ಬೇಕು. ಅದಕ್ಕೇ ನಾಲ್ಕರಿಂದ ಆರು ವಾರ ಕಾಯಲೇಬೇಕು.

ಅಮೋನಿಯಾ, ನೈಟ್ರೈಟ್, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಈ ಮೂರನ್ನೂ ಅಳೆಯುವ ಹನಿ ಕಿಟ್ ತನ್ನಿ. ಪಂಪಿಗಿಂತ ಮೊದಲು ಕೊಳ್ಳಬೇಕಾದದ್ದು ಅದು. ನಾನು ನಾಲ್ಕು ವರ್ಷದ ಹಿಂದೆ ಶುರು ಮಾಡಿದಾಗ ದಿನಾ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಪರೀಕ್ಷೆ ಮಾಡುತ್ತಿದ್ದೆ. ಗಾಜಿನ ನಳಿಕೆಯಲ್ಲಿ ಐದು ಮಿಲಿ ನೀರು, ಹನಿ ಹಾಕಿ ಅಲ್ಲಾಡಿಸಿ, ಬಿಳಿ ಹಾಳೆಯ ಎದುರು ಹಿಡಿಯುವುದು. ಹಳದಿ ಉಳಿದರೆ ಅಮೋನಿಯಾ ಇಲ್ಲ, ಹಸಿರಾದಷ್ಟೂ ಹೆಚ್ಚು. ಒಂಬತ್ತನೇ ದಿನ ಮಾವಿನೆಲೆಯ ಹಸಿರು ಬಂತು. ಹದಿನೇಳನೇ ದಿನ ಹಸಿರು ತಿಳಿಯಾಗತೊಡಗಿತು, ಆದರೆ ನೈಟ್ರೈಟ್ ನಳಿಕೆ ನೇರಳೆಯಾಯಿತು. ಮೂವತ್ತೊಂದನೇ ದಿನ ಎರಡೂ ಸೊನ್ನೆ. ಇದನ್ನೆಲ್ಲ ಬರೆದಿಟ್ಟ ಪುಸ್ತಕ ಇನ್ನೂ ಇಟ್ಟುಕೊಂಡಿದ್ದೇನೆ. ನೈಟ್ರೈಟ್ ಏರುವ ದಿನಗಳಲ್ಲಿ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಹಾಕಿದರೆ ಅದರ ಕ್ಲೋರೈಡ್ ಮೀನಿನ ರಕ್ತಕ್ಕೆ ನೈಟ್ರೈಟ್ ಹೋಗದಂತೆ ತಡೆಯುತ್ತದೆ. ಮತ್ತೆ ಮತ್ತೆ ಹಾಕಬೇಡಿ, ಉಪ್ಪು ಆವಿಯಾಗುವುದಿಲ್ಲ.

ಪಿಎಚ್ ಮೇಲೂ ಕಣ್ಣಿರಲಿ. ಅದು ಒಂದು ಅಂಕ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನಮ್ಮಲ್ಲಿ ಟ್ಯಾಂಕರ್ ನೀರು, ಪಿಎಚ್ 8.2. ಮೊದಲ ವರ್ಷ ನನ್ನ ಹರಿವೆಯ ಎಳೆಯ ಎಲೆಗಳು ನರ ಮಾತ್ರ ಹಸಿರುಳಿದು ಹಳದಿಯಾದವು. ಗಿಡಕ್ಕೆ ಹಸಿವು ಎಂದುಕೊಂಡು ಮೀನಿಗೆ ಇನ್ನಷ್ಟು ಆಹಾರ ಸುರಿದೆ, ಮೀನಿಗೂ ತೊಂದರೆ ಕೊಟ್ಟೆ. ಆಗಿದ್ದದ್ದು ಕಬ್ಬಿಣದ ಕೊರತೆ. ಮೀನಿನ ಆಹಾರದಲ್ಲಿ ಕಬ್ಬಿಣ ಕಡಿಮೆ, ಪಿಎಚ್ ಹೆಚ್ಚಿದ್ದರೆ ಇರುವಷ್ಟೂ ಗಿಡಕ್ಕೆ ದಕ್ಕುವುದಿಲ್ಲ. ನೀರಿನಲ್ಲಿ ಕರಗಿಯೇ ಉಳಿಯುವ ಡಿಟಿಪಿಎ ರೂಪದ ಕಬ್ಬಿಣ, ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಬರುವಂತೆ ಹಾಕಿದ ಮೇಲೆ ಹೊಸ ಚಿಗುರು ಹಸಿರಾಗಿ ಬಂತು. ಪಿಎಚ್ 7ರ ಹತ್ತಿರ ಇದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂವರಿಗೂ ಒಗ್ಗುತ್ತದೆ.

ಎಷ್ಟು ಗಿಡ ನೆಡಬಹುದು ಎನ್ನುವುದು ಟಬ್ಬಿನ ಗಾತ್ರದ ಲೆಕ್ಕವಲ್ಲ, ಆಹಾರದ ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ತಂದ ಕೈಪಿಡಿಯ ಪ್ರಕಾರ ಸೊಪ್ಪಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ. ನಿಮ್ಮ ಟ್ರೇಗೆ ಅದು 11ರಿಂದ 14 ಗ್ರಾಂ ಆಗುತ್ತದೆ. ಎರಡು ಪುಟ್ಟ ಮೀನು ಒಂದು ಗ್ರಾಮೂ ತಿನ್ನಲಾರವು. ಆದ್ದರಿಂದ ಈಗ ಒಂದೇ ಬಸಳೆ ಕಡ್ಡಿ ನೆಡಿ.

ತಿನ್ನುವ ಮೀನು 100 ಲೀಟರಿನಲ್ಲಿ ಬೇಡ. ರೋಹು, ಕಾಟ್ಲಾ ಕೊಳದ ಮೀನುಗಳು. ತಿಲಾಪಿಯಾ ಸಾಕಲು ಸರ್ಕಾರದ ಅನುಮತಿ ಬೇಕು, ಆಫ್ರಿಕನ್ ಮಾಗೂರ್‌ಗೆ ದೇಶದಲ್ಲೇ ನಿಷೇಧವಿದೆ, ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಉತ್ತರ: ಠಾಣೆಯಿಂದ, ಕಟ್ಟಡದ ಕೆಲಸದವನು

500 ಲೀಟರ್ ನೀರೆಂದರೆ 500 ಕಿಲೋ, ಅದೂ ಒಂದು ಚದರ ಮೀಟರಿನ ಒಳಗೆ. ಕಟ್ಟಡ ಎಷ್ಟು ಭಾರಕ್ಕೆ ಕಟ್ಟಬೇಕು ಎನ್ನುವ ಭಾರತೀಯ ಮಾನಕ ಐಎಸ್ 875, ಅದು ವಾಸದ ಮನೆಯ ಬಾಲ್ಕನಿಗೆ ಹೇಳುವ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ. ಹಳೆಯ ಕಟ್ಟಡ, ಮಳೆಗೆ ಕಬ್ಬಿಣ ತುಕ್ಕು ಹಿಡಿದಿದ್ದರೆ ಅಷ್ಟನ್ನೂ ನಂಬಬಾರದು. ದಯವಿಟ್ಟು ಆ ಟ್ಯಾಂಕ್ ತರಬೇಡಿ. ಈಗಿನ ಟಬ್ಬನ್ನೂ ಹೊರ ಅಂಚಿನಿಂದ ಸರಿಸಿ ಮನೆಯ ಗೋಡೆಗೆ ಒತ್ತಿ ಇಡಿ, ಟ್ರೇ ಬೇರೆ ಸ್ಟ್ಯಾಂಡಿನ ಮೇಲಿರಲಿ. ಕೆಳಗಿನ ಮನೆಯ ಛಾವಣಿಯಲ್ಲಿ ಬಿರುಕು ಇದೆಯೇ ಎಂದು ಒಮ್ಮೆ ಹೋಗಿ ನೋಡಿ. ಸೊಸೈಟಿಗೂ ತಿಳಿಸಿ.

ಉತ್ತರ: ಗೋವಾ, ವಾಸ್ಕೋದಿಂದ

ಅಕ್ಕಾರ, ನಾ ಧಾರವಾಡ ಕಡೆಯಾಂವ, ವಾಸ್ಕೋಕ್ಕ ಬಂದು ಹದಿನೈದು ವರ್ಷ ಆತು. ಮನಿ ಹಿಂದ ತಗಡಿನ ಕೆಳಗ ಎರಡು ಡ್ರಮ್ ಇಟ್ಟೀನಿ, ಕೋಯಿ ಮೀನ ಅದಾವ.

ನಿಮ್ಮ ಜಲ್ಲಿ ಯಾವುದು ನೋಡ್ರಿ. ನಂಗ ಒಬ್ಬರು ಮನಿ ಕಟ್ಟಿ ಉಳಿದದ್ದು ಕೊಟ್ಟಿದ್ರು, ಅದರಾಗ ಚಿಪ್ಪಿನ ಚೂರು ಕೂಡಿದ್ವು. ಎಷ್ಟ್ ತೊಳದ್ರೂ ಪಿಎಚ್ ಎಂಟರ ಕೆಳಗ ಇಳೀಲೇ ಇಲ್ಲ. ಒಂದು ಹಿಡಿ ಜಲ್ಲಿ ವಾಟಿಯೊಳಗ ಹಾಕಿ ಮ್ಯಾಲ ವಿನೆಗರ್ ಸುರೀರಿ. ಸುಂಯ್ ಅಂತ ಗುಳ್ಳಿ ಎದ್ರ ಅದರಾಗ ಸುಣ್ಣ ಐತಿ, ಬ್ಯಾಡ. ಕರಿಕಲ್ಲಿನ ಜಲ್ಲಿ ಸುಮ್ನ ಇರತೈತಿ. ನೀವು ಇರೋ ಕಡೆ ಅದು ಬೇಕಾದಷ್ಟು ಸಿಗತೈತಿ.

ಇನ್ನ ಕರೆಂಟ್. ಹಿಂದಿನ ವರ್ಷ ಜೂನ್‌ದಾಗ ರಾತ್ರಿ ಹತ್ತಕ್ಕ ಹೋದ ಕರೆಂಟ್ ನಸುಕಿನ್ಯಾಗ ನಾಲ್ಕಕ್ಕ ಬಂತು. ಪಂಪ್ ನಿಂತ ಮ್ಯಾಲ ಮೀನ ಎಲ್ಲಾ ಮ್ಯಾಲ ಬಂದು ಬಾಯಿ ಬಿಡಾಕ ಹತ್ತಿದ್ವು. ನಾ ಮತ್ತ ನನ್ನ ಹೆಂಡ್ತಿ ಟಾರ್ಚ್ ಹಿಡಕೊಂಡು, ಚೊಂಬಿನ್ಯಾಗ ನೀರ ಎತ್ತಿ ಎತ್ತರದಿಂದ ಸುರಿಯೋದು, ಎತ್ತಿ ಸುರಿಯೋದು, ಹಂಗ ಬೆಳತನಕ ಕೂತ್ವಿ. ಒಂದೂ ಸಾಯಲಿಲ್ಲ. ಮರುದಿನಾನ ಬ್ಯಾಟರಿ ಏರ್ ಪಂಪ್ ತಂದೆ. ಮಳಿಗಾಲ ಬರೋ ಮೊದಲ ನೀವೂ ಒಂದು ತಗೋರಿ.

ಮತ್ತೆ ಡೊಂಬಿವಲಿಯಿಂದ, ಐದು ವಾರದ ನಂತರ

ನೀವೆಲ್ಲ ಹೇಳಿದ ಹಾಗೆ ಮಾಡಿದೆ. ಹೋಟೆಲಿನ ಟ್ಯಾಂಕ್ ಅಲ್ಲೇ ಇದೆ, ಐಎಸ್ 875 ಓದಿ ನಮ್ಮವರೇ ಬೇಡ ಎಂದರು. ಜಲ್ಲಿಗೆ ವಿನೆಗರ್ ಹಾಕಿದೆ, ಗುಳ್ಳೆ ಬರಲಿಲ್ಲ.

ಮೊದಲ ದಿನ ಕಿಟ್‌ನಲ್ಲಿ ಕಂಡ ಹಸಿರು ನೋಡಿ ಕೈ ನಡುಗಿತು. ಆ ನಾಲ್ಕು ಮೀನು ಎಂಥ ನೀರಿನಲ್ಲಿ ಉಸಿರಾಡುತ್ತಿದ್ದವು ಎಂದು ಆಗ ಗೊತ್ತಾಯಿತು. ಹನ್ನೆರಡು ದಿನ ದಿನಾ ನೀರು ಬದಲಾಯಿಸಿದೆ. ಈಗ ಪರೀಕ್ಷೆ ಮಾಡುವವಳು ಮಗಳು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಬಣ್ಣದ ಚುಕ್ಕೆ ಇಡುತ್ತಾಳೆ. ಕಳೆದ ಐದು ಚುಕ್ಕೆಗಳೂ ಹಳದಿ, ನೈಟ್ರೈಟ್ ಕೂಡ ಸೊನ್ನೆ, ಪಿಎಚ್ 7.2. ಎರಡೂ ಮೀನು ಬದುಕಿವೆ.

ಅಮ್ಮ ಊರಿನಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆ ಕಡ್ಡಿಗಳಲ್ಲಿ ಒಂದನ್ನು ಮಾತ್ರ ನೆಟ್ಟೆ. ಇವತ್ತು ಬೆಳಿಗ್ಗೆ ನಿಧಾನಕ್ಕೆ ಜಲ್ಲಿ ಸರಿಸಿ ನೋಡಿದೆ, ಗೆಣ್ಣಿನ ಹತ್ತಿರ ಬಿಳಿ ಬೇರು ಒಂದಂಗುಲ ಇಳಿದಿದೆ, ಮೇಲೆ ಎರಡು ಎಲೆ. ಒಂದು ಮಾತು ಕೇಳಬೇಕಿತ್ತು: ಹಬ್ಬಲು ಕಟ್ಟುವ ಹಗ್ಗ ನಾರಿನದಾದರೆ ನೀರಿನಲ್ಲಿ ಕೊಳೆಯುತ್ತದೆಯೇ, ನೈಲಾನ್ ಕಟ್ಟಲೇ?