ಕೋಲ್ಚೆಸ್ಟರ್: ಊರಿನ ಅಡಿಯ ದಂಡಿನ ಕೋಟೆಯನ್ನು ಗುರುತಿಸಿದ್ದು ಹೇಗೆ?

ಪ್ರಶ್ನೆ: ಹಳೆಗೋಡೆ

ಕ್ರಿ.ಶ. 43ರಲ್ಲಿ ರೋಮನ್ ಚಕ್ರವರ್ತಿ ಕ್ಲಾಡಿಯಸ್ ಬ್ರಿಟನ್ನಿನ ಕಮುಲೊಡೂನಮ್ (ಈಗಿನ ಕೋಲ್ಚೆಸ್ಟರ್) ಹಿಡಿದ. 49ರ ಹೊತ್ತಿಗೆ ಅಲ್ಲಿ ನಿವೃತ್ತ ಸೈನಿಕರ ‘ಕೊಲೋನಿಯ’ ಸ್ಥಾಪನೆಯಾಯಿತು. ನಡುವಿನ ಆರು ವರ್ಷ ಅದೇ ಜಾಗದಲ್ಲಿ ಇಪ್ಪತ್ತನೇ ಲೀಜನ್ನಿನ (ರೋಮನ್ ಸೈನ್ಯದ ದೊಡ್ಡ ದಳ) ಕೋಟೆ ಇತ್ತು ಅನ್ನುತ್ತಾರೆ. ಕೊಲೋನಿಯ ಸ್ಥಾಪನೆಯನ್ನು ಹೇಳುವ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಈ ಕೋಟೆಯ ಮಾತೆತ್ತುವುದಿಲ್ಲ. ನನ್ನ ತೊಡಕು ಇಷ್ಟೇ: ಕೊಲೋನಿಯದಲ್ಲಿ ನೆಲೆಸಿದವರೂ ಸೈನಿಕರೇ ಆಗಿದ್ದವರು. ಕವಚದ ಬಕಲ್ಲೋ ಕತ್ತಿ ಒರೆಯ ತುಂಡೋ ಸಿಕ್ಕರೆ, ಅದು ಕೋಟೆಯದೋ ನಿವೃತ್ತನ ಮನೆಯದೋ ಅಂತ ಹೇಗೆ ಹೇಳುವುದು? ಆರೇ ವರ್ಷದ ಅಂತರ ಮಡಕೆಚೂರಿನಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ಪದರಮಣ್ಣು

ಮಡಕೆಚೂರಿನಲ್ಲಿ ಗೊತ್ತಾಗುವುದಿಲ್ಲ, ಆ ಆಸೆ ಬಿಡಿ. ದಕ್ಷಿಣ ಗಾಲ್‌ನಿಂದ ಬರುತ್ತಿದ್ದ ಕೆಂಪು ಹೊಳಪಿನ ಸೇಮಿಯನ್ ತಟ್ಟೆಯ ಮೇಲೆ ಕುಂಬಾರನ ಮುದ್ರೆ ಇದ್ದರೂ ಅಷ್ಟು ಕಿರಿದಾಗಿ ಕಾಲ ಕಟ್ಟಲು ಬರುವುದಿಲ್ಲ. ಕ್ಲಾಡಿಯಸ್‌ನ ತಾಮ್ರದ ನಾಣ್ಯಗಳೂ ಅವುಗಳ ಒರಟು ನಕಲುಗಳೂ ಎರಡೂ ಕಾಲದಲ್ಲಿ ಚಲಾವಣೆಯಲ್ಲಿದ್ದವು. ಬಕಲ್ಲಿನ ಬಗ್ಗೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಕೋಟೆ ಬಿಡುವ ದಂಡು ಗುಡಿಸಿ ಸಾರಿಸಿ ಹೋಗುತ್ತಿತ್ತು ಬೇರೆ. ಸ್ಕಾಟ್ಲೆಂಡಿನ ಇಂಚ್‌ಟುಟಿಲ್ ಕೋಟೆ ಬಿಡುವಾಗ 8 ಲಕ್ಷಕ್ಕೂ ಹೆಚ್ಚು ಕಬ್ಬಿಣದ ಮೊಳೆಗಳನ್ನು ಶತ್ರುವಿನ ಕೈಗೆ ಸಿಗದಂತೆ ಗುಂಡಿ ತೋಡಿ ಹೂತಿದ್ದರು. ಇಂಥವರು ನಮಗಾಗಿ ಬಿಟ್ಟುಹೋಗುವುದು ಕಳೆದುಹೋದ ಚೂರುಪಾರು ಮಾತ್ರ.

ಕೆಲಸಕ್ಕೆ ಬರುವುದು ಪದರಗಳ ಸರದಿ. 60–61ರಲ್ಲಿ ರೋಮನ್ನರ ವಿರುದ್ಧ ಎದ್ದ ಬ್ರಿಟನ್ ರಾಣಿ ಬೂಡಿಕ್ಕಾಳ ದಂಗೆಯಲ್ಲಿ ಇಡೀ ಊರು ಸುಟ್ಟುಹೋಯಿತು. ಮಣ್ಣಿನ ಗೋಡೆಗಳು ಬೆಂದು ಕುಸಿದು, ಊರಿನುದ್ದಕ್ಕೂ ಇಟ್ಟಿಗೆ ಬಣ್ಣದ ಒಂದು ಪದರವಾಗಿ ಕೂತಿವೆ. ಅದರ ಕೆಳಗೆ ಸಿಗುವ ರೋಮನ್ ಕಟ್ಟಡಗಳೆಲ್ಲ ಹದಿನೇಳು-ಹದಿನೆಂಟು ವರ್ಷದೊಳಗಿನವು. ಈಗ ಬಾಲ್ಕರ್ನ್ ಲೇನ್ ಅಗೆತ ನೋಡಿ, ಊರಿನ ಪಶ್ಚಿಮ ಅಂಚು. ಎಲ್ಲಕ್ಕಿಂತ ಕೆಳಗೆ ಕಂದಕ. ಅದನ್ನು ಬೇಕೆಂದೇ ಮುಚ್ಚಿದ್ದಾರೆ. ಮುಚ್ಚಿದ ಮಣ್ಣಿನ ಮೇಲೆ ಮನೆಗಳು ಎದ್ದಿವೆ. ಆ ಮನೆಗಳು ದಂಗೆಯ ಬೆಂಕಿಯಲ್ಲಿ ಸುಟ್ಟಿವೆ. ಊರು ತನ್ನ ರಕ್ಷಣೆಗೆಂದು ತೋಡಿಕೊಂಡ ಕಂದಕವಾಗಿದ್ದರೆ, ಹತ್ತು ವರ್ಷ ತುಂಬುವ ಮೊದಲೇ ಮುಚ್ಚಿ ಮೇಲೆ ಮನೆ ಕಟ್ಟುತ್ತಿದ್ದರೇ? ದಂಗೆಯ ಹೊತ್ತಿಗೆ ಊರಿಗೆ ಕೋಟೆಕೊತ್ತಲ ಇರಲಿಲ್ಲ ಎಂದು ಟ್ಯಾಸಿಟಸ್ಸೂ ಹೇಳುತ್ತಾನೆ. ಅಂದರೆ ಕಂದಕ ಹಿಂದಿನ ಒಡೆಯರದು.

ಎರಡನೆಯದು ಬ್ಯಾರಕ್ಕುಗಳು. ಲೀಜನ್ನಿನ ಬ್ಯಾರಕ್ ಉದ್ದನೆಯ ಕಿರಿದಾದ ಸಾಲುಮನೆ: ಎಂಟೆಂಟು ಜನಕ್ಕೆ ಹಿಂದೊಂದು ಮುಂದೊಂದು ಕೋಣೆ, ಒಂದು ತುದಿಯಲ್ಲಿ ಸೆಂಚುರಿಯನ್ನನ (ದಳದ ಅಧಿಕಾರಿ) ಅಗಲವಾದ ಬಿಡಾರ. ಕಲ್ವರ್ ಸ್ಟ್ರೀಟಿನಲ್ಲಿ ಅಕ್ಕಪಕ್ಕ ಇದ್ದ ಬ್ಯಾರಕ್ಕುಗಳಲ್ಲಿ ಸೈನಿಕರ ಕೋಣೆಗಳನ್ನು ಕಿತ್ತು ಆ ಜಾಗದಲ್ಲಿ ಬೇಸಾಯ ಮಾಡಿದ್ದಾರೆ, ಸೆಂಚುರಿಯನ್ನರ ಬಿಡಾರಗಳನ್ನು ಮಾತ್ರ ಮನೆಗಳಾಗಿ ಉಳಿಸಿಕೊಂಡಿದ್ದಾರೆ. ಗಿಲ್ಬರ್ಡ್ ಸ್ಕೂಲ್ ಜಾಗದ ಬ್ಯಾರಕ್ ದಂಗೆಯವರೆಗೂ ಬಳಕೆಯಲ್ಲಿದ್ದು ಸುಟ್ಟಿದೆ. ಮಾಜಿ ಸೈನಿಕರ ಬಡಾವಣೆಗೆಂದೇ ಹೊಸದಾಗಿ ಕಟ್ಟುವವರು ಎಂಟು ಜನರ ಕೋಣೆ ಕಟ್ಟಿ, ಮರುವರ್ಷ ಕಿತ್ತು, ಉಳುಮೆ ಮಾಡುವುದಿಲ್ಲ. ನನ್ನ ಮಟ್ಟಿಗೆ ಇದು ಕಂದಕಕ್ಕಿಂತಲೂ ಗಟ್ಟಿ ಸಾಕ್ಷಿ.

ಉತ್ತರ: ಗುದ್ದಲಿ

ಮೇಲಿನವರು ಹೇಳಿದ್ದು ಒಪ್ಪಿದೆ. ಕಂದಕದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಅಡ್ಡಕೊಯ್ತದಲ್ಲಿ ‘ವಿ’ ಆಕಾರ ಕಂಡ ಕೂಡಲೇ ರೋಮನ್ ಸೈನ್ಯ ಅನ್ನಬೇಡಿ. ಕಮುಲೊಡೂನಮ್ಮಿನ ಸುತ್ತ ರೋಮನ್ನರಿಗೂ ಮುಂಚಿನ ಮೈಲುಗಟ್ಟಲೆ ಉದ್ದದ ಮಣ್ಣಿನ ದಿಬ್ಬ-ಕಂದಕಗಳಿವೆ. ಅವುಗಳಲ್ಲೂ ಚೂಪು ತಳದವು ಸಿಗುತ್ತವೆ. ಕೋಟೆಯ ಕಂದಕ ದಾರ ಹಿಡಿದಂತೆ ನೇರ ಹೋಗಿ, ಮೂಲೆಯಲ್ಲಿ ಇಸ್ಪೀಟ್ ಎಲೆಯ ಮೂಲೆಯಂತೆ ದುಂಡಗೆ ತಿರುಗಬೇಕು. ಹಾಗಾಗಿ ಒಂದೇ ಟ್ರೆಂಚಿನಿಂದ (ಅಗೆತದ ಉದ್ದ ಗುಂಡಿ) ಏನೂ ತೀರ್ಮಾನವಾಗದು. ಒಂದೇ ಬದಿಯಲ್ಲಿ ಕನಿಷ್ಠ ಎರಡು ಕಡೆ ಸಿಕ್ಕರೆ ಗೆರೆ ಸಿಗುತ್ತದೆ, ಮೂಲೆ ಸಿಕ್ಕರೆ ಇನ್ನೂ ಒಳ್ಳೆಯದು.

ಟ್ರೆಂಚ್ ಕಂದಕಕ್ಕೆ ಲಂಬವಾಗಿಯೇ ಇರಬೇಕು. ಓರೆಯಾಗಿ ಕಡಿದರೆ ಅಗಲ ಹಿಗ್ಗಿ ಕಾಣುತ್ತದೆ, ಆಳ ಮಾತ್ರ ಅಷ್ಟೇ ಇರುತ್ತದೆ. ಲೆಕ್ಕ ನೋಡಿ: 5 ಮೀಟರ್ ಅಗಲದ ಕಂದಕವನ್ನು 45 ಡಿಗ್ರಿ ಓರೆಯಾಗಿ ಕಡಿದರೆ 7 ಮೀಟರ್ ಅಗಲ ಕಾಣುತ್ತದೆ, 45 ಡಿಗ್ರಿ ಇಳಿಜಾರು 35 ಡಿಗ್ರಿಯಾಗಿಬಿಡುತ್ತದೆ. ನಗರದ ಅಗೆತದಲ್ಲಿ ಟ್ರೆಂಚ್ ಎಲ್ಲಿ ಬರಬೇಕೆಂದು ತೀರ್ಮಾನಿಸುವುದು ಹೊಸ ಕಟ್ಟಡದ ಪಾಯ, ಪುರಾತತ್ವದವರಲ್ಲ. ಆದ್ದರಿಂದ ಈ ತಿದ್ದುಪಡಿ ಮಾಡದೆ ನಕ್ಷೆ ಹೋಲಿಸಬೇಡಿ.

ತಳದಲ್ಲಿ ಎರಡು ಗಮನಿಸಿ. ಗುದ್ದಲಿ ಅಗಲದ ಚೌಕ ಕಾಲುವೆ ಇದ್ದರೆ ಹೂಳೆತ್ತಿ ಕಾಪಾಡಿದ ಕಂದಕ. ಅದರ ಮೇಲಿನ ನಯವಾದ ಹೂಳು ಎಷ್ಟು ದಪ್ಪ ಎಂಬುದು ಎಷ್ಟು ಕಾಲ ಬಾಯ್ತೆರೆದಿತ್ತು ಎಂಬುದರ ಅಂದಾಜು ಕೊಡುತ್ತದೆ. ಅಂದಾಜು ಅಷ್ಟೇ, ಮರಳು ನೆಲದಲ್ಲಿ ಒಂದೇ ಮಳೆಗಾಲ ಬದಿಯನ್ನು ಜರಿಸುತ್ತದೆ. ಹೂಳಿನ ಮೇಲೆ ಕೋಟೆ ದಿಬ್ಬದ ಮಣ್ಣೇ ಒಂದೇ ಬದಿಯಿಂದ ಗುಡ್ಡೆಗುಡ್ಡೆಯಾಗಿ ಸುರಿದಿದ್ದರೆ, ದಿಬ್ಬ ಕೆಡವಿ ಕಂದಕಕ್ಕೆ ತಳ್ಳಿದ್ದಾರೆ. ಆ ಭರ್ತಿಯಲ್ಲಿ ಬೆಂದ ಕೆಂಪುಮಣ್ಣು ಒಂದು ಚೂರೂ ಇಲ್ಲವೆಂದರೆ ಬೆಂಕಿಗೆ ಮೊದಲೇ ಮುಚ್ಚಿದ್ದು. ಆದರೆ ಮಧ್ಯಯುಗದ ಕಸದ ಗುಂಡಿಗಳು ಮೇಲಿನಿಂದ ತೂರಿ ಬಂದು ಇದನ್ನು ಕೆಡಿಸುತ್ತವೆ. ಗುಂಡಿಯ ಅಂಚು ಕಾಣದೆ ಹೋದರೆ ಹದಿಮೂರನೇ ಶತಮಾನದ ಮಡಕೆ ಕ್ಲಾಡಿಯಸ್ ಕಾಲದ ವಸ್ತುಗಳ ಚೀಲಕ್ಕೆ ಬೀಳುತ್ತದೆ.

ಹಳೆಗೋಡೆ

ಸ್ಪಷ್ಟವಾಯಿತು, ಧನ್ಯವಾದ. ಶಾಸನಗಳಿಂದ ಏನಾದರೂ ಸಹಾಯ ಇದೆಯೇ?

ಉತ್ತರ: ಕಲ್ಲಕ್ಷರ

ಇದೆ. 1868ರಲ್ಲಿ ಸಿಕ್ಕ ಮಾರ್ಕಸ್ ಫವೋನಿಯಸ್ ಫಾಸಿಲಿಸ್‌ನ ಸಮಾಧಿ ಕಲ್ಲು. ಇಪ್ಪತ್ತನೇ ಲೀಜನ್ನಿನ ಸೆಂಚುರಿಯನ್. ಕಲ್ಲು ನಿಲ್ಲಿಸಿದವರು ವೆರೆಕುಂಡಸ್ ಮತ್ತು ನೊವಿಕಿಯಸ್ ಎಂಬ ಅವನ ಬಿಡುಗಡೆಯಾದ ದಾಸರು. ಇಲ್ಲಿ ಓದಬೇಕಾದದ್ದು ಬರೆಯದೆ ಬಿಟ್ಟದ್ದನ್ನು. ‘ವೆಟೆರಾನಸ್’ (ನಿವೃತ್ತ ಸೈನಿಕ) ಎಂಬ ಪದವಿಲ್ಲ, ಅಂದರೆ ಸೇವೆಯಲ್ಲಿದ್ದಾಗಲೇ ಸತ್ತವನು. ಲೀಜನ್ನಿಗೆ ‘ವಲೇರಿಯಾ ವಿಕ್ಟ್ರಿಕ್ಸ್’ ಬಿರುದೂ ಇಲ್ಲ. ಆ ಬಿರುದು ಬೂಡಿಕ್ಕಾ ಯುದ್ಧದ ನಂತರದ್ದೆಂದು ಸಾಮಾನ್ಯವಾಗಿ ನಂಬುತ್ತಾರೆ. ಕಲ್ಲಿಗೆ ಗಾಳಿಮಳೆಯ ಸವೆತವೂ ತೀರಾ ಕಡಿಮೆ, ಬೇಗನೆ ಉರುಳಿರಬೇಕು. ಒಬ್ಬನ ಕಲ್ಲಿನಿಂದ ಇಡೀ ಲೀಜನ್ ಅಲ್ಲಿತ್ತೆಂದು ಹೇಳಲಾಗದು, ಆದರೆ ಬ್ಯಾರಕ್ಕುಗಳಿಗೆ ಹೆಸರು ಕೊಡುವುದು ಈ ಕಲ್ಲೇ.

1928ರಲ್ಲಿ ಸಿಕ್ಕ ಲಾಂಜಿನಸ್ ಸ್ಡಾಪೆಜೆಯ ಕಲ್ಲು ಎಚ್ಚರಿಕೆಯ ಪಾಠ. ಅವನು ಥ್ರೇಸ್ ಅಶ್ವದಳದವನು, ಈಗಿನ ಸೋಫಿಯಾ ಕಡೆಯವನು, 15 ವರ್ಷ ಸೇವೆ. ಕಲ್ಲಿನ ಮುಖ ಒಡೆದಿದ್ದಕ್ಕೆ ಬೂಡಿಕ್ಕಾಳ ಜನರೇ ದ್ವೇಷದಿಂದ ಜಜ್ಜಿದ್ದು ಎಂದು ದಶಕಗಟ್ಟಲೆ ಬರೆದರು. 1996ರಲ್ಲಿ ಅದೇ ಜಾಗದಲ್ಲಿ ಆ ಮುಖದ ಚೂರು ಸಿಕ್ಕಿತು. ಒಡೆದದ್ದು 1928ರ ಕೆಲಸಗಾರರ ಗುದ್ದಲಿ ಇರಬೇಕೆಂಬುದು ಈಗಿನ ಅಭಿಪ್ರಾಯ.

ಉತ್ತರ: ಪದರಮಣ್ಣು

ಹೋಲಿಕೆಗೆ ಇಂಗ್ಲೆಂಡಿನ ನೈಋತ್ಯದ ಎಕ್ಸೆಟರ್ ನೋಡಿ, ಅಲ್ಲೂ ಊರಿನಡಿ ಲೀಜನ್ನಿನ ಕೋಟೆ ಇದೆ. ಅಲ್ಲಿ ಹೀಗೆ ಸುಟ್ಟ ಪದರ ಇಲ್ಲ, ನಿವೃತ್ತರ ಕೊಲೋನಿಯವೂ ಅಲ್ಲ, ಆದ್ದರಿಂದ ಸಾಕ್ಷಿಯ ಬಗೆಯೇ ಬೇರೆ. 1971ರಲ್ಲಿ ಕೆಥೆಡ್ರಲ್ ಎದುರಿನ ಚರ್ಚ್ ಕೆಡವಿ ಅಗೆದಾಗ ಕಲ್ಲಿನ ದೊಡ್ಡ ಸ್ನಾನಗೃಹ ಬಂತು. ಉಳಿದೆಲ್ಲ ಮರದ ಕಟ್ಟಡಗಳ ನಡುವೆ ಇದೊಂದೇ ಕಲ್ಲಿನದು, ಲೀಜನ್ನಿನ ಅಳತೆಯದು. ಆಮೇಲೆ ಅದನ್ನೇ ಭಾಗಶಃ ಕೆಡವಿ ಊರಿನ ಫೋರಮ್ (ಚೌಕ) ಮತ್ತು ಬಸಿಲಿಕಾ (ಸಾರ್ವಜನಿಕ ಸಭಾಂಗಣ) ಕಟ್ಟಿದ್ದಾರೆ. ಯಾವ ಲೀಜನ್? ಛಾವಣಿಯಂಚಿಗೆ ಕೂರಿಸುವ ಸುಟ್ಟಮಣ್ಣಿನ ಅಲಂಕಾರದ ಹೆಂಚೊಂದು ಅಲ್ಲಿ ಸಿಕ್ಕಿತು; ಅದೇ ಅಚ್ಚಿನ ಹೆಂಚು ವೇಲ್ಸಿನ ಕೇರ್ಲಿಯನ್‌ನಲ್ಲೂ ಇದೆ. ಕೇರ್ಲಿಯನ್ ಎರಡನೇ ಅಗಸ್ಟಾ ಲೀಜನ್ನಿನ ನೆಲೆ. ಅಚ್ಚನ್ನು ಗಾಡಿಯಲ್ಲಿ ಹಾಕಿಕೊಂಡು ಹೋದವರು ಯಾರೆಂದು ಹೇಳಬೇಕಾಗಿಲ್ಲ.